ಮನೆ ತೂಗಿಸಿದವಳಿಗೆ ತರಬೇತಿ ಏತಕ್ಕೆ?

ಈಚೆಗೆ ಮಡಗಾಂವಿನಲ್ಲಿ ಕೆಲವು ಮಂದಿ ಶಿಕ್ಷಕರು ಕೂಡಿದ್ದಾಗ, ಶಾಲೆಗಳಿಗೆ ಬರುವ ಆಪ್ತ ಸಮಾಲೋಚಕರ ವಿಷಯವು ಚರ್ಚೆಗೆ ಬಂದಿತು. ಮಕ್ಕಳ ಮನಸ್ಸಿನ ತೊಡಕುಗಳನ್ನು ಕೇಳಿ ಬಿಡಿಸಬೇಕಾದ ಈ ಕಾರ್ಯಕ್ಕೆ ಎಂಥವರು ತಕ್ಕವರು ಎಂಬುದು ಪ್ರಶ್ನೆ. ಹಿರಿಯರೊಬ್ಬರು ತಡಮಾಡದೆ ಉತ್ತರವಿತ್ತರು: “ಎಂಟು ವರ್ಷದವಳಿದ್ದಾಗಿನಿಂದ ತಮ್ಮ ತಂಗಿಯರನ್ನು ಸಾಕಿ, ಅಪ್ಪ ಅವ್ವರ ಜಗಳ ಬಿಡಿಸಿ, ಮನೆ ತೂಗಿಸಿದ ಹೆಣ್ಣುಮಗಳೊಬ್ಬಳನ್ನು ಹುಡುಕಿ ತನ್ನಿ. ಆಕೆಗೆ ಬೇರೆ ತರಬೇತಿ ಏತಕ್ಕೆ?” ಕುಳಿತವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ. ಮನೆಗೆ ಬಂದ ಮೇಲೆ, ಹಾಗೆ ತಲೆದೂಗಿದ್ದಕ್ಕಾಗಿ ನಾಚಿಕೆಪಟ್ಟು ಈ ಲೇಖನವನ್ನು ಬರೆಯಲು ಕುಳಿತಿದ್ದೇನೆ.

ಆ ಮಾತು ಕಿವಿಗೆ ಇಂಪಾಗಿದೆ. ನಮ್ಮ ಹೆಣ್ಣುಮಕ್ಕಳಿಗೆ ಗೌರವ ಸಲ್ಲಿಸಿದಂತೆಯೂ ಇದೆ. ಆದರೆ ಅದು ಅರ್ಧಸತ್ಯ. ನನ್ನ ವಾದವನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ಮನೆಯವರು ಹೊರಿಸಿದ ಪಾತ್ರವು ಮನಸ್ಸಿನ ವೈದ್ಯನಿಗೆ ಬಂಡವಾಳವೂ ಹೌದು, ಸಾಲವೂ ಹೌದು. ಬಂಡವಾಳವನ್ನಷ್ಟೇ ಲೆಕ್ಕಕ್ಕೆ ಹಿಡಿದು ಸಾಲವನ್ನು ಮರೆಮಾಚಿದರೆ, ಆ ಸಾಲವನ್ನು ತೀರಿಸಬೇಕಾದವರು ಎದುರಿಗೆ ಕುಳಿತ ನೊಂದ ಜೀವಗಳೇ. ಆದುದರಿಂದ ಮನೆಯಲ್ಲಿ ಕಲಿತದ್ದು ಯೋಗ್ಯತೆಯಲ್ಲ. ಅದು ಪರೀಕ್ಷೆಗೆ ಒಳಗಾಗಬೇಕಾದ ವಸ್ತು.

ಕುಟುಂಬವೆಂಬುದು ಒಂದು ಬಯಲಾಟವಿದ್ದಂತೆ. ಮಗುವು ಕಣ್ಣುಬಿಡುವ ಹೊತ್ತಿಗೆ ಅದಕ್ಕೊಂದು ವೇಷ ಸಿದ್ಧವಾಗಿರುತ್ತದೆ. ಹಿರಿಯ ಮಗಳು ಎರಡನೆಯ ತಾಯಿಯಾಗುತ್ತಾಳೆ. ನಡುವಿನವನು ರಾಜಿ ಮಾಡಿಸುವ ಪಂಚನಾಗುತ್ತಾನೆ. ಮನೆಯಲ್ಲಿ ಮೌನ ಕವಿದಾಗ ನಗಿಸುವ ಹೊಣೆ ಮತ್ತೊಬ್ಬನದು. ಯಾರ ಸಿಟ್ಟಿಗೂ ಬೆನ್ನೊಡ್ಡುವುದು ಇನ್ನೊಬ್ಬನ ಪಾಲು. ನಮ್ಮ ಮೋತಿ ಡೊಂಗರ್‌ನಂಥ ವಸತಿಗಳಲ್ಲಿ ಇವೆಲ್ಲಕ್ಕಿಂತ ದೊಡ್ಡ ಪಾತ್ರವೊಂದಿದೆ; ಅದು ದುಭಾಷಿಯ ಪಾತ್ರ. ಉತ್ತರ ಕರ್ನಾಟಕದಿಂದ ದುಡಿಮೆಯನ್ನರಸಿ ಬಂದ ತಾಯಿಗೆ ಕನ್ನಡವೊಂದೇ ಗೊತ್ತು. ಪಡಿತರದ ಅಂಗಡಿ, ಕಚೇರಿ, ಆಸ್ಪತ್ರೆಗಳಲ್ಲಿ ಕೊಂಕಣಿ, ಹಿಂದಿ, ಮರಾಠಿ. ಈ ಎರಡು ದಡಗಳ ನಡುವೆ ಸೇತುವೆಯಾಗಿ ನಿಲ್ಲುವುದು ಎಂಟೊಂಬತ್ತು ವರ್ಷದ ಮಗು. ತಾಯಿಯ ಬಾಯಿ ಅದು. ಸಾಹೇಬರ ಕಿವಿಯೂ ಅದೇ.

ಇಂಥ ಪಾತ್ರಗಳಲ್ಲಿ ಪಳಗಿದ ಮಕ್ಕಳೇ ದೊಡ್ಡವರಾಗಿ ಶಿಕ್ಷಕರೂ ದಾದಿಯರೂ ಸಮಾಲೋಚಕರೂ ಆಗುವುದು ಅಪರೂಪವಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇನ್ನೊಬ್ಬರ ಮುಖದ ಗೆರೆಯನ್ನು ಓದುವ ವಿದ್ಯೆ ಅವರಿಗೆ ಎಳವೆಯಲ್ಲಿಯೇ ಕೈಹತ್ತಿದೆ. ಆಶ್ಚರ್ಯವೇನೆಂದರೆ, ವೇಷವನ್ನು ಕಳಚಿಡದೆಯೇ ಅವರು ಚಿಕಿತ್ಸೆಯ ಕೋಣೆಯನ್ನು ಪ್ರವೇಶಿಸಬಹುದೆಂದು ನಾವು ನಂಬಿರುವುದು.

ಈ ವಿಚಾರವು ನನ್ನ ಸ್ವಕಪೋಲಕಲ್ಪಿತವಲ್ಲ. ಮನಸ್ಸಿನ ವೈದ್ಯದ ಚರಿತ್ರೆಯನ್ನು ತಿರುವಿ ನೋಡಿದರೆ ಇದರ ಸಾಕ್ಷ್ಯವು ಎಲ್ಲೆಡೆ ಸಿಕ್ಕುತ್ತದೆ. ಮೊದಲ ಸಾಕ್ಷಿಯು ನಮ್ಮ ಗೋವೆಯಲ್ಲಿಯೇ ಇದ್ದಾನೆ. ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ, ವಾಲಿ ಬೀಳುತ್ತಿರುವ ಹೆಂಗಸೊಬ್ಬಳ ಮೇಲೆ ಕೈಚಾಚಿ ನಿಂತ ಪಾದ್ರಿಯ ಪ್ರತಿಮೆಯನ್ನು ನಮ್ಮ ವಿದ್ಯಾರ್ಥಿಗಳು ಪ್ರವಾಸ ಹೋದಾಗ ನೋಡಿರಬಹುದು. ಆತನೇ ಆಬೆ ಫಾರಿಯಾ. ೧೭೫೬ರಲ್ಲಿ ಕಾಂದೋಳಿಯಲ್ಲಿ ಹುಟ್ಟಿದವನು. ತಂದೆತಾಯಿಗಳು ಬೇರ್ಪಟ್ಟು, ತಂದೆ ಪಾದ್ರಿಯಾದ; ತಾಯಿ ಸಂನ್ಯಾಸಿನಿಯರ ಮಠವನ್ನು ಸೇರಿದಳು. ೧೭೭೧ರಲ್ಲಿ ತಂದೆಯು ಹದಿನೈದರ ಹುಡುಗನನ್ನು ಲಿಸ್ಬನ್ನಿಗೆ ಕರೆದೊಯ್ದ. ತಂದೆಯ ಹೆಬ್ಬಯಕೆಯನ್ನು ಈಡೇರಿಸುವ ಮಗ, ಇದು ಅವನಿಗೆ ದೊರೆತ ಪಾತ್ರ. ಒಂದು ಐತಿಹ್ಯದ ಪ್ರಕಾರ, ರಾಣಿಯ ಸಮ್ಮುಖದಲ್ಲಿ ಪ್ರವಚನಕ್ಕೆ ನಿಂತಾಗ ಅವನ ನಾಲಗೆ ಕಟ್ಟಿಹೋಯಿತಂತೆ. ಆಗ ತಂದೆಯು ಕೊಂಕಣಿಯಲ್ಲಿ, ಇವರೆಲ್ಲ ಬರೀ ತರಕಾರಿ, ಕೊಚ್ಚಿಹಾಕು ಎಂಬರ್ಥದ ಮಾತನ್ನು ಮೆಲ್ಲನೆ ಉಸುರಿದನಂತೆ. ಮಗನ ಭಯವು ಆ ಕ್ಷಣವೇ ಹಾರಿಹೋಯಿತಂತೆ.

ಐತಿಹ್ಯವು ಚರಿತ್ರೆಯಲ್ಲವೆಂಬುದನ್ನು ಬಲ್ಲೆ. ಆದರೆ ಮುಂದಿನದು ಚರಿತ್ರೆ. ಇವನೇ ಪ್ಯಾರಿಸ್ಸಿನಲ್ಲಿ ಸಂಮೋಹನದ ಪ್ರಯೋಗಗಳನ್ನು ನಡೆಸಿದ. ಜನರನ್ನು ನಿದ್ರೆಗೆ ಸೆಳೆಯುವುದು ಮಾಂತ್ರಿಕನ ಕೈಯಿಂದ ಹರಿಯುವ ಯಾವುದೋ ದ್ರವವೆಂದು ಮೆಸ್ಮರನ ಅನುಯಾಯಿಗಳು ಹೇಳುತ್ತಿದ್ದ ಕಾಲದಲ್ಲಿ, ಶಕ್ತಿಯಿರುವುದು ನಿದ್ರಿಸುವವನ ಮನಸ್ಸಿನಲ್ಲಿ ಎಂದು ಸಾರಿದ. ೧೮೧೯ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ಅದೇ ವರ್ಷ ತೀರಿಕೊಂಡ. ಪಣಜಿಯ ಆಲ್ತಿನ್ಹೊ ಗುಡ್ಡದ ಮೇಲಿದ್ದ ಹಳೆಯ ಮಾನಸಿಕ ಆಸ್ಪತ್ರೆಗೆ ಅವನ ಹೆಸರೇ ಇದ್ದಿತು. ತಂದೆಯ ಒಂದು ಮಾತಿನ ಬಲವನ್ನು ಉಂಡು ಬೆಳೆದನೆನ್ನಲಾದ ಮಗನು, ಅಂಥ ಬಲವನ್ನು ತಾನೂ ಇತರರ ಮೇಲೆ ಚಲಾಯಿಸಿ ಮೆರೆಯಬಹುದಾಗಿತ್ತು. ಅವನು ಅದನ್ನು ವಿಚಾರಣೆಗೆ ಗುರಿಮಾಡಿದ. ನಾನು ಬಯಸುವ ಮಾದರಿ ಇದು.

ಇನ್ನು ವಿಯೆನ್ನಾ ನಗರಕ್ಕೆ ಹೋಗೋಣ. ಅಲ್ಲಿಯ ಸಿಗ್ಮಂಡ್ ಫ್ರಾಯ್ಡ್ ತಾಯಿಗೆ ಚೊಚ್ಚಲ ಮಗ, ಆಕೆಯ ಕಣ್ಮಣಿ. ಆಲ್ಫ್ರೆಡ್ ಆಡ್ಲರ್ ರೋಗಿಷ್ಠನಾದ ಎರಡನೆಯ ಮಗ; ಆರೋಗ್ಯವಂತನಾದ ಅಣ್ಣನ ನೆರಳಿನಲ್ಲಿ ಬೆಳೆದವನು. ಅವನ ಪುಟ್ಟ ತಮ್ಮನು ಅವನ ಮಗ್ಗುಲಿನ ಹಾಸಿಗೆಯಲ್ಲಿಯೇ ಸತ್ತನು. ಐದರ ವಯಸ್ಸಿನಲ್ಲಿ ಅವನೂ ನ್ಯುಮೋನಿಯಾದಿಂದ ಸಾವಿನ ಬಾಗಿಲು ತಟ್ಟಿ ಬಂದನು. ಇಬ್ಬರೂ ಒಂದೇ ಊರಿನ ವೈದ್ಯರು. ಕೆಲವು ವರ್ಷ ಒಂದೇ ಗುಂಪಿನಲ್ಲಿ ಕೂತು ಚರ್ಚಿಸಿದವರು. ಮನುಷ್ಯನ ಮನಸ್ಸಿನೊಳಗೆ ಇಣುಕಿದಾಗ ಒಬ್ಬನಿಗೆ ತಂದೆ ಮಗನ ಕದನವು ಕಂಡಿತು. ಮತ್ತೊಬ್ಬನಿಗೆ ಕೀಳರಿಮೆಯೂ ಹುಟ್ಟಿದ ಸರದಿಯೂ ಒಡಹುಟ್ಟಿದವರ ಪೈಪೋಟಿಯೂ ಕಂಡವು. ಎರಡು ದರ್ಶನಗಳೂ ಬೆಲೆಯುಳ್ಳವೇ. ಆದರೆ ಎರಡಕ್ಕೂ ಅವರವರ ಮನೆಯ ಒಗ್ಗರಣೆಯ ವಾಸನೆಯಿಲ್ಲವೆಂದು ಯಾರು ಹೇಳಬಲ್ಲರು?

ಫ್ರಾಯ್ಡನಿಗೆ ಈ ಅಪಾಯದ ಅರಿವು ಇತ್ತು. ೧೯೧೦ರಲ್ಲಿ ನ್ಯೂರೆಂಬರ್ಗ್ ನಗರದ ಸಮ್ಮೇಳನದಲ್ಲಿ ಅವನು, ರೋಗಿಯ ಸಾನ್ನಿಧ್ಯದಿಂದ ವೈದ್ಯನ ಮನಸ್ಸಿನೊಳಗೆ ಏಳುವ ಭಾವನೆಗಳಿಗೆ ಪ್ರತಿಸಂಕ್ರಮಣವೆಂಬ ಹೆಸರಿಟ್ಟನು. ವೈದ್ಯನು ತನ್ನೊಳಗಿನ ತೊಡಕುಗಳು ಬಿಟ್ಟಷ್ಟು ದೂರ ಮಾತ್ರ ಸಾಗಬಲ್ಲನೆಂದು ಎಚ್ಚರಿಸಿದನು. ೧೯೧೨ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಇತರರ ಮನಸ್ಸನ್ನು ಬಿಡಿಸಹೊರಟವನು ಮೊದಲು ತನ್ನ ಮನಸ್ಸನ್ನು ಮತ್ತೊಬ್ಬರ ಮುಂದೆ ಬಿಡಿಸಿಕೊಳ್ಳಬೇಕೆಂಬ ನಿಯಮವನ್ನು ಎತ್ತಿಹಿಡಿದನು. ನೂರು ವರ್ಷಗಳಿಗೂ ಹಿಂದಿನ ಮಾತಿದು. ನಮ್ಮ ಹಿರಿಯ ಶಿಕ್ಷಕರು ಇಂದಿಗೂ ತರಬೇತಿ ಏತಕ್ಕೆ ಎನ್ನುತ್ತಿದ್ದಾರೆ!

ತನ್ನ ಪಾತ್ರವನ್ನು ಪುಸ್ತಕದಲ್ಲಿ ವಿವರಿಸಿದ ಮಾತ್ರಕ್ಕೆ ಬಿಡುಗಡೆಯಾಯಿತೆಂದು ತಿಳಿಯುವಂತಿಲ್ಲ. ಆಲಿಸ್ ಮಿಲ್ಲರ್ ಎಂಬ ಲೇಖಕಿಯು ೧೯೭೯ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚಿಕಿತ್ಸಕರಲ್ಲಿ ಅನೇಕರು ಬಾಲ್ಯದಲ್ಲಿ ತಂದೆತಾಯಿಗಳ ಮನಸ್ಸನ್ನು ಕಾಯುತ್ತ ಬೆಳೆದ ಮಕ್ಕಳೆಂದೂ, ಅವರ ಸೂಕ್ಷ್ಮತೆಯ ಮೂಲವು ಅಲ್ಲಿದೆಯೆಂದೂ ತೋರಿಸಿದಳು. ನನಗೆ ತಿಳಿದ ಮಟ್ಟಿಗೆ ಈ ವಿಷಯವನ್ನು ಇಷ್ಟು ನೇರವಾಗಿ ಹೇಳಿದವರು ವಿರಳ. ಆಕೆಯು ೨೦೧೦ರಲ್ಲಿ ತೀರಿಕೊಂಡ ಮೇಲೆ, ೨೦೧೩ರಲ್ಲಿ ಆಕೆಯ ಮಗನಾದ ಮಾರ್ಟಿನ್ ಮಿಲ್ಲರ್ ತಾನೂ ಒಂದು ಪುಸ್ತಕವನ್ನು ಬರೆದನು. ಮಕ್ಕಳ ನೋವನ್ನು ಲೋಕಕ್ಕೆ ತಿಳಿಸಿದ ತಾಯಿಯ ಮನೆಯಲ್ಲಿ ತಾನು ಅನುಭವಿಸಿದ ನೋವನ್ನು ಅದರಲ್ಲಿ ತೋಡಿಕೊಂಡನು. ಅವನೂ ಮನೋಚಿಕಿತ್ಸಕನೇ! ಬಲ್ಲವರ ಗತಿಯೇ ಹೀಗಾದರೆ, ಅರಿಯದವರ ಪಾಡೇನು?

ಪರದೇಶದ ಮಾತು ಸಾಕು. ನಮ್ಮ ಗುಡ್ಡಕ್ಕೆ ಮರಳೋಣ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳದಿದ್ದರೆ ಈ ವಾದವು ಪೊಳ್ಳಾದೀತು.

ನಾನೂ ದುಭಾಷಿ ಮಗುವೇ. ಒಂಬತ್ತು ವರ್ಷದವಳಿದ್ದಾಗ ಅವ್ವನೊಡನೆ ಆಸ್ಪತ್ರೆಗೆ ಹೋಗಿದ್ದೆ. ಏನಾಗುತ್ತದೆ ಎಂದು ವೈದ್ಯರು ಹಿಂದಿಯಲ್ಲಿ ಕೇಳಿದರು. ಅವ್ವ ಹೇಳಿದಳು: “ಎದಿಮ್ಯಾಲ ಕಲ್ಲ ಇಟ್ಟಂಗ ಆಗತೈತಿ. ಬದುಕೂದ ಬ್ಯಾಡ ಅನಸ್ತೈತಿ.” ನಾನು ಮೊದಲನೆಯ ಮಾತನ್ನು ಎದೆನೋವು ಎಂದು ಅನುವಾದಿಸಿದೆ. ಎರಡನೆಯದನ್ನು ಅನುವಾದಿಸಲಿಲ್ಲ. ಆ ಮಾತು ಗೊತ್ತಿರಲಿಲ್ಲವೆಂದಲ್ಲ. ಅದನ್ನು ನನ್ನ ಬಾಯಿಂದ ಆಡಿದರೆ ನಿಜವಾಗಿಬಿಟ್ಟೀತೆಂಬ ಹೆದರಿಕೆ. ವೈದ್ಯರು ಹೊಟ್ಟೆಯುಬ್ಬರದ ಗುಳಿಗೆ ಬರೆದುಕೊಟ್ಟರು. ಅವ್ವ ಬದುಕಿದಳು, ಪುಣ್ಯ. ಆದರೆ ಕೇಳಲಾಗದ ಮಾತನ್ನು ನುಂಗಿ, ಕೇಳುವಂತಹ ಮಾತನ್ನಷ್ಟೇ ದಾಟಿಸುವ ಅಭ್ಯಾಸವು ನನ್ನಲ್ಲಿ ಬೇರುಬಿಟ್ಟಿತು.

ಶಿಕ್ಷಕರ ತರಬೇತಿಯಲ್ಲಿದ್ದಾಗ ನನ್ನ ಮೊದಲ ಅಭ್ಯಾಸ ಪಾಠದ ಪುಸ್ತಕದಲ್ಲಿ ಉಪನ್ಯಾಸಕರು ಕೆಂಪು ಶಾಯಿಯಿಂದ ಬರೆದಿದ್ದರು: “ಪ್ರಶ್ನೆ ಕೇಳುವವರೂ ನೀವೇ, ಉತ್ತರ ಹೇಳುವವರೂ ನೀವೇ. ಮಗು ಬಾಯಿ ತೆರೆಯುವವರೆಗೆ ಕಾಯಿರಿ.” ಅದನ್ನು ಬೋಧನೆಯ ದೋಷವೆಂದಷ್ಟೇ ತಿಳಿದಿದ್ದೆ. ನನ್ನ ಬಾಲ್ಯವೇ ಆ ಕರಿಹಲಗೆಯ ಮುಂದೆ ನಿಂತಿತ್ತೆಂದು ಆಗ ತಿಳಿಯಲಿಲ್ಲ.

ಮುಂದೆ ಕೆಲವು ವರ್ಷಗಳ ನಂತರ, ನಾಲ್ಕನೆಯ ತರಗತಿಯ ಹುಡುಗನೊಬ್ಬ ಮಾತು ಬಿಟ್ಟ. ಅವನ ತಾಯಿಯನ್ನು ಕರೆಸಿ, ಆಪ್ತ ಸಮಾಲೋಚಕಿಯೊಬ್ಬರ ಮುಂದೆ ಕೂಡಿಸಿದೆವು. ಅವರಿಗೆ ಕನ್ನಡ ಬಾರದು, ದುಭಾಷಿಯಾಗಿ ನಾನು. ಆ ತಾಯಿ ನನ್ನ ಕಡೆ ತಿರುಗಿ, “ಅಕ್ಕೋರೆ, ಅಂವ ದಿನಾ ಕುಡದ್ ಬಂದ್ ಬಡೀತಾನ. ಮಗಾ ಮೂಲ್ಯಾಗ ಕುಂತ್ ನೋಡ್ತೈತಿ,” ಎಂದಳು. ನಾನು ದಾಟಿಸಿದ್ದು ಮೂರೇ ಪದ: ಮನೆಯಲ್ಲಿ ಸ್ವಲ್ಪ ತೊಂದರೆ. ಸಮಾಲೋಚಕಿಯು ಮೃದುವಾಗಿ, ಗಂಡಹೆಂಡಿರು ಕೂಡಿ ಕೂತು ಮಾತಾಡಿರಿ, ಮಗುವಿನೆದುರು ಜಗಳ ಬೇಡ, ಸ್ವಲ್ಪ ಸಹನೆ ಇರಲಿ ಎಂದು ಬುದ್ಧಿ ಹೇಳಿದರು. ಅದನ್ನು ಮಾತ್ರ ನಾನು ಅಕ್ಷರಶಃ ಅನುವಾದಿಸಿದೆ. ಆ ತಾಯಿ ನನ್ನನ್ನೇ ಒಂದು ಗಳಿಗೆ ನೋಡಿ, ಸೆರಗು ಸರಿಪಡಿಸಿಕೊಂಡು ಎದ್ದು ಹೋದಳು. ಮರು ತಿಂಗಳು ಆ ಹುಡುಗನ ವರ್ಗಾವಣೆ ಪತ್ರವನ್ನು ಕೇಳಿಕೊಂಡು ಬಂದಳು. ಅವಳ ಕೈಗೆ ಬಟ್ಟೆ ಸುತ್ತಿತ್ತು.

ಇದಾದ ಎಷ್ಟೋ ದಿನಗಳ ಮೇಲೆ ಸಮಾಲೋಚಕಿಗೆ ನಾನು ನಿಜವನ್ನು ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನೀವು ಪೂರ್ತಿ ಹೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆನೋ ಏನೋ. ನಮ್ಮ ಮನೆಯಲ್ಲಿ ಅಪ್ಪ ಅಮ್ಮನ ಜಗಳ ಬಿಡಿಸುತ್ತಿದ್ದವಳು ನಾನೇ,” ಎಂದರು. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಆದರೆ ಆ ದಿನ ಆ ಕೋಣೆಯಲ್ಲಿ ನಡೆದದ್ದೇನು? ಹೆದರಿದ ಒಂಬತ್ತರ ದುಭಾಷಿಯೊಬ್ಬಳೂ ಜಗಳ ಬಿಡಿಸುವ ಹುಡುಗಿಯೊಬ್ಬಳೂ ಕೂಡಿಕೊಂಡು, ಏಟು ತಿಂದ ಹೆಂಗಸನ್ನು ಏಟು ಬೀಳುವ ಮನೆಗೆ ಮರಳಿ ಕಳಿಸಿದರು. ಇಬ್ಬರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಳ್ಳೆಯ ಮಕ್ಕಳೆನಿಸಿಕೊಂಡವರೇ. ಅಪಾಯವಿದ್ದದ್ದು ಆ ಒಳ್ಳೆಯತನದಲ್ಲಿಯೇ!

ಪ್ರತಿಯೊಂದು ಪಾತ್ರವೂ ತನ್ನದೇ ಆದ ರೀತಿಯಲ್ಲಿ ದಾರಿತಪ್ಪಿಸುತ್ತದೆ. ರಾಜಿಯ ಮಗು ಚಿಕಿತ್ಸಕನಾದಾಗ ಸಿಟ್ಟನ್ನು ಕಂಡು ಬೆದರುತ್ತಾನೆ; ಸಿಟ್ಟಾಗಲೇಬೇಕಾದವನನ್ನೂ ತಣ್ಣಗಾಗಿಸುತ್ತಾನೆ. ಎರಡನೆಯ ತಾಯಿಯಾಗಿದ್ದ ಹಿರಿಯ ಮಗಳು ರೋಗಿಯ ಭಾರವನ್ನೆಲ್ಲ ತಾನೇ ಹೊರುತ್ತಾಳೆ. ರೋಗಿಯು ತನ್ನ ಕಾಲ ಮೇಲೆ ನಿಂತ ದಿನ ಅವಳಿಗೆ ಒಳಗೊಳಗೇ ಬೇಸರ. ನಗಿಸುತ್ತಿದ್ದವನು ಅಳುವಿಗೆ ಅವಕಾಶ ಕೊಡಲಾರ. ಬೈಸಿಕೊಂಡು ಬೆಳೆದವನಿಗೆ ಪ್ರತಿಯೊಬ್ಬ ತಂದೆಯೂ ತನ್ನ ತಂದೆಯಂತೆಯೇ ಕಾಣುತ್ತಾನೆ. ದುಭಾಷಿಯ ವಿಷಯವನ್ನು ಹೇಳಿಯೇ ಇದ್ದೇನೆ. ಎದುರಿನವನ ವಾಕ್ಯವನ್ನು ಅವನಿಗಿಂತ ಮೊದಲೇ ಮುಗಿಸುತ್ತಾನೆ.

ಇಲ್ಲಿ ಕೆಲವು ಆಕ್ಷೇಪಗಳು ಬರುವುದು ಸಹಜ. ಹಾಗಾದರೆ ಸುಖದ ಮನೆಯಲ್ಲಿ ಬೆಳೆದವರು ಮಾತ್ರ ಈ ಕೆಲಸಕ್ಕೆ ಅರ್ಹರೇ ಎಂದು ಕೇಳಬಹುದು. ಖಂಡಿತ ಅಲ್ಲ. ೧೯೫೦ರಲ್ಲಿ ಪೌಲಾ ಹೈಮನ್ ಎಂಬ ವಿದುಷಿಯು, ಚಿಕಿತ್ಸಕನೊಳಗೆ ಏಳುವ ಭಾವನೆಯು ವಿಘ್ನವಷ್ಟೇ ಅಲ್ಲ, ರೋಗಿಯನ್ನು ತಿಳಿಯುವ ಸಾಧನವೂ ಹೌದೆಂದು ವಾದಿಸಿದಳು. ಸತ್ಯವಾದ ಮಾತು. ನೋವುಂಡವನ ಕಿವಿ ಸೂಕ್ಷ್ಮ. ಆದರೆ ಸಾಧನವನ್ನು ಸಾಧನವೆಂದು ಅರಿತವನ ಕೈಯಲ್ಲಿ ಮಾತ್ರ ಅದು ಸಾಧನ; ಅರಿಯದವನ ಕೈಯಲ್ಲಿ ಅದು ಕುಡುಗೋಲು. ಅಮೆರಿಕದ ಮರ್ರೆ ಬೋವೆನ್ ಎಂಬ ಮನೋವೈದ್ಯನು ಐವರು ಮಕ್ಕಳಲ್ಲಿ ಹಿರಿಯ. ೧೯೬೭ರಲ್ಲಿ ವಿದ್ವಾಂಸರ ಸಭೆಯಲ್ಲಿ ಅವನು ಒಣ ಪ್ರಬಂಧವನ್ನು ಓದುವ ಬದಲು, ತನ್ನ ತಾಯ್ಮನೆಯೊಳಗೆ ತಾನು ಸಿಕ್ಕಿಕೊಂಡಿದ್ದ ಬಗೆಯನ್ನೂ ಬಿಡಿಸಿಕೊಳ್ಳಲು ಯತ್ನಿಸಿದ ಬಗೆಯನ್ನೂ ವಿವರಿಸಿದನು. ಇಂಥ ಧೈರ್ಯವುಳ್ಳವನ ಬಾಲ್ಯವು ಹೇಗಿದ್ದರೂ ಅವನು ಅರ್ಹನೇ.

ಇನ್ನು ಕೆಲವರು, ಇದೆಲ್ಲ ಸಿರಿವಂತ ದೇಶಗಳ ಮಾತು. ನಮ್ಮಲ್ಲಿ ಸಮಾಲೋಚಕರೇ ಸಾಲದಿರುವಾಗ ಅವರನ್ನು ನೋಡಿಕೊಳ್ಳಲು ಇನ್ನೊಬ್ಬರನ್ನು ಎಲ್ಲಿಂದ ತರೋಣ ಎನ್ನಬಹುದು. ಅವರಿಗೆ ನಾನು ನಮ್ಮ ಗೋವೆಯನ್ನೇ ತೋರಿಸುತ್ತೇನೆ. ೧೯೯೬ರಲ್ಲಿ ಇಲ್ಲಿ ಸ್ಥಾಪಿತವಾದ ಸಂಗಾತ್ ಎಂಬ ಸಂಸ್ಥೆಯು, ವೈದ್ಯರಲ್ಲದ ಸಾಮಾನ್ಯ ಜನರನ್ನು ತರಬೇತುಗೊಳಿಸಿ ಖಿನ್ನತೆಯಲ್ಲಿ ನರಳುವವರಿಗೆ ನೆರವಾಗುವ ಪ್ರಯೋಗವನ್ನು ನಡೆಸಿತು. ೨೪ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಪರೀಕ್ಷೆಯ ಫಲವು ೨೦೧೦ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಕಾರಿ ಕೇಂದ್ರಗಳಲ್ಲಿ ಈ ನೆರವು ಪಡೆದವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡಿದ್ದರು. ೨೦೧೭ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು, ಆರರಿಂದ ಎಂಟು ಭೇಟಿಗಳ ಸರಳ ಚಿಕಿತ್ಸೆಯು ತೀವ್ರವಾದ ಖಿನ್ನತೆಯಲ್ಲಿಯೂ ಫಲ ಕೊಡುವುದೆಂದು ತೋರಿಸಿತು.

ನೋಡಿದಿರಾ, ಸಾಮಾನ್ಯರೇ ಸಾಕಾಯಿತು ಎಂದು ನನ್ನ ಪ್ರತಿವಾದಿಗಳು ಹಿಗ್ಗಬಾರದು. ಆ ಸಾಮಾನ್ಯರನ್ನು ಅವರವರ ಪಾಡಿಗೆ ಬಿಟ್ಟಿರಲಿಲ್ಲ. ಅವರ ಮಾತುಕತೆಗಳನ್ನು ಧ್ವನಿಮುದ್ರಿಸಿ, ಜೊತೆಗಾರರು ಗುಂಪಾಗಿ ಕುಳಿತು ಕೇಳಿ, ಗುಣದೋಷಗಳನ್ನು ಅಂಕಗಳಲ್ಲಿ ಅಳೆಯುತ್ತಿದ್ದರು. ಇದಕ್ಕೆ ಬೇಕಾದದ್ದು ದೊಡ್ಡ ಪಂಡಿತರಲ್ಲ; ಒಂದು ಧ್ವನಿಮುದ್ರಣ ಯಂತ್ರ, ನಾಲ್ಕು ಮಂದಿ ಸಹೋದ್ಯೋಗಿಗಳು, ತಪ್ಪನ್ನು ಕೇಳಿಸಿಕೊಳ್ಳುವ ಮನಸ್ಸು. ನಮ್ಮ ಆ ದಿನದ ಮೂರು ಪದಗಳ ಅನುವಾದವನ್ನು ಕನ್ನಡ ಬಲ್ಲ ಯಾರಾದರೂ ಒಮ್ಮೆ ಕೇಳಿದ್ದರೆ ಸಾಕಾಗಿತ್ತು.

ಶಿಕ್ಷಕ ಬಂಧುಗಳೇ, ನಮ್ಮನ್ನೇ ತೆಗೆದುಕೊಳ್ಳಿರಿ. ಕಳೆಯುವ ಲೆಕ್ಕವೊಂದನ್ನು ಮಕ್ಕಳಿಗೆ ಕಲಿಸುವ ಮುನ್ನ ನಾವು ಪಾಠ ಟಿಪ್ಪಣಿ ಬರೆದು, ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರನ್ನು ಕೂಡಿಸಿಕೊಂಡು, ಕೆಂಪು ಶಾಯಿಯ ಬರಹವನ್ನು ಸಹಿಸಿಕೊಂಡು ಬಂದವರು. ನನ್ನ ಮನೆಯಲ್ಲಿ ತಮ್ಮನಿಗೆ ಲೆಕ್ಕ ಹೇಳಿಕೊಟ್ಟಿದ್ದೆನೆಂದು ಯಾರೂ ನನ್ನನ್ನು ನೇರವಾಗಿ ತರಗತಿಗೆ ಕಳಿಸಲಿಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯಲ್ಲಿ ಮನಶ್ಶಾಸ್ತ್ರವನ್ನು ಕಲಿಯುವವರು ಹಿರಿಯರ ಮೇಲ್ವಿಚಾರಣೆಯಲ್ಲಿಯೇ ರೋಗಿಗಳನ್ನು ಕಾಣುತ್ತಾರೆ. ಕಳೆಯುವ ಲೆಕ್ಕಕ್ಕಿರುವ ಎಚ್ಚರವು ಕಣ್ಣೀರಿನ ಲೆಕ್ಕಕ್ಕೆ ಬೇಡವೇ?

ಆದುದರಿಂದ ನಾನು ಕೇಳುವುದು ಇಷ್ಟೇ. ಸಮಾಲೋಚಕರನ್ನು ನೇಮಿಸುವವರು, ನೀನು ಎಷ್ಟು ಕಷ್ಟಪಟ್ಟು ಬೆಳೆದೆ ಎಂದು ಕೇಳುವುದನ್ನು ಬಿಟ್ಟು, ನಿನ್ನ ಕೆಲಸವನ್ನು ಯಾರು ನೋಡುತ್ತಾರೆ ಎಂದು ಕೇಳಲಿ. ಸಮಾಲೋಚಕರು ಹದಿನೈದು ದಿನಗಳಿಗೊಮ್ಮೆಯಾದರೂ ಕೂಡಿ, ಹೆಸರು ಹೇಳದೆ ತಮ್ಮ ಎಡವಿದ ಪ್ರಸಂಗಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಈ ರೋಗಿಯ ಮುಂದೆ ನಾನು ನನ್ನ ಮನೆಯ ಯಾವ ಪಾತ್ರವನ್ನು ಆಡಿದೆ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಲಿ. ನಮ್ಮ ಸಂಘವು, ಕನ್ನಡ ಬಲ್ಲ ವಯಸ್ಕರ ಒಂದು ಪಟ್ಟಿಯನ್ನು ಮಾಡಿ, ಆಸ್ಪತ್ರೆಗೆ ಹೋಗುವ ತಾಯಂದಿರ ಜೊತೆಗೆ ಕಳಿಸಲಿ. ಮಗುವನ್ನು ದುಭಾಷಿ ಮಾಡುವ ಪದ್ಧತಿಯು ನಿಲ್ಲಲಿ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯಲ್ಲಿ, ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮನಸ್ಸಿನ ಅಳಲನ್ನು ಹೇಳಿಕೊಳ್ಳಬಹುದೆಂಬುದು ಗುಡ್ಡದ ಪ್ರತಿಯೊಂದು ಮನೆಗೂ ತಿಳಿಯಲಿ.

ಕೊನೆಯದಾಗಿ, ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರು ಈಗಲೇ ಮನೆಯ ಪಂಚರು, ಎರಡನೆಯ ತಾಯಂದಿರು, ದುಭಾಷಿಗಳು. ಅದು ಹೆಮ್ಮೆಯ ಸಂಗತಿಯೇ. ಮುಂದೆ ನೀವು ವೈದ್ಯರೋ ಸಮಾಲೋಚಕರೋ ಶಿಕ್ಷಕರೋ ಆದಾಗ, ಜನರು ನಿಮ್ಮನ್ನು ಕುರಿತು, ಇವಳಿಗೆ ತರಬೇತಿ ಏತಕ್ಕೆ ಎಂದು ಹೊಗಳಿಯಾರು. ಆಗ ನನ್ನಂತೆ ತಲೆದೂಗಬೇಡಿರಿ. ನನಗೆ ತರಬೇತಿಯೂ ಬೇಕು, ನನ್ನ ತಪ್ಪನ್ನು ತೋರಿಸುವ ಕೆಂಪು ಶಾಯಿಯೂ ಬೇಕು ಎಂದು ಕೇಳಿ ಪಡೆಯಿರಿ. ವರ್ಗಾವಣೆ ಪತ್ರವನ್ನು ಹಿಡಿದು ಹೋದ ಆ ಹುಡುಗನಿಗೆ ನಾನು ಇನ್ನು ಮಾಡಬಹುದಾದದ್ದು ಏನೂ ಉಳಿದಿಲ್ಲ. ಅವನ ತಾಯಿ ಆಡಿದ ಮಾತನ್ನು, ಆ ದಿನ ನುಂಗಿದ ಮಾತನ್ನು, ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.